ಮಲ್ಪೆಯ ಕಡಲು ನೀಲಿ ಕಾಣುವುದು ರಾಮನ್ ಪರಿಣಾಮದಿಂದಲಾ?

ಪ್ರಶ್ನೆ: ಮಾಷ್ಟ್ರೇ, ವಿಜ್ಞಾನ ದಿನಕ್ಕೆ ಮಗಳಿಗೆ ಭಾಷಣ ಬರೆದುಕೊಟ್ಟಿದ್ದೆ. ಸಮುದ್ರ ನೀಲಿ ಕಾಣುವುದು ರಾಮನ್ ಪರಿಣಾಮದಿಂದ ಅಂತ ಅದರಲ್ಲಿತ್ತು. ಅವಳ ಟೀಚರ್ ಅದು ತಪ್ಪು ಅಂದರಂತೆ. ಯಾರು ಸರಿ?

ಉತ್ತರ: ಟೀಚರ್ ಸರಿ. ಪ್ರತಿ ಫೆಬ್ರವರಿಯಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದನ್ನೇ ಹೇಳುತ್ತೇನೆ. ಉಡುಪಿ, ಕಾಪು, ಕಾರ್ಕಳ, ಎಲ್ಲಿಗೆ ತೀರ್ಪುಗಾರನಾಗಿ ಹೋದರೂ ಮಕ್ಕಳ ಬಾಯಲ್ಲಿ ಒಂದೇ ಕಥೆ. ರಾಮನ್ ಹಡಗಿನಲ್ಲಿ ಬರುತ್ತಿದ್ದರು, ಕಡಲು ನೀಲಿ ಕಂಡಿತು, ರಾಮನ್ ಪರಿಣಾಮ ಹೊಳೆಯಿತು, ನೊಬೆಲ್ ಬಂತು. ನಡುವಿನ ಏಳು ವರ್ಷದ ದುಡಿಮೆ ಎಲ್ಲಿ ಹೋಯ್ತು? ನನಗೆ ಬೇಸರವಾಗುವುದು ಅದಕ್ಕೇ.

ಹಡಗಿನ ಕಥೆ ನಿಜ. 1921ರಲ್ಲಿ ರಾಮನ್ ಇಂಗ್ಲೆಂಡಿನಿಂದ 'ನರ್ಕುಂಡಾ' ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಕಡಲಿನ ನೀಲಿ ಅಂದರೆ ಆಕಾಶದ ಪ್ರತಿಬಿಂಬ, ಅಷ್ಟೇ ಅಂತ ಲಾರ್ಡ್ ರೇಲಿಯವರಂಥ ದೊಡ್ಡ ವಿಜ್ಞಾನಿ ಹೇಳಿದ್ದರು. ರಾಮನ್ ಅದನ್ನು ಸುಮ್ನೆ ಒಪ್ಪಲಿಲ್ಲ. ಜೊತೆಗಿದ್ದ ಒಂದು ಪುಟ್ಟ ನಿಕೋಲ್ ಪ್ರಿಸಮ್ (ನೀರಿನ ಮೇಲ್ಮೈಯಿಂದ ಹೊಳೆದು ಬರುವ ಬೆಳಕನ್ನು ತಡೆಯಬಲ್ಲ ಹರಳು) ಹಿಡಿದು ಓರೆಯಾಗಿ ನೀರನ್ನು ನೋಡಿದರು. ಮೇಲ್ಮೈಯ ಪ್ರತಿಬಿಂಬ ಅಡಗಿತು, ನೀಲಿ ಹಾಗೇ ಉಳಿಯಿತು.

ಇದನ್ನು ನೀವೂ ನೋಡಬಹುದು. ಒಮ್ಮೆ ಎಂಟನೇ ಕ್ಲಾಸಿನ ಮಕ್ಕಳನ್ನು ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಬೋಟಿನಲ್ಲಿ ಒಬ್ಬಳ ಕೈಗೆ ಅದೇ ಕೆಲಸ ಮಾಡುವ ಪೋಲರಾಯ್ಡ್ ಕನ್ನಡಕ ಕೊಟ್ಟು, ಕಣ್ಣಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸು ಅಂದೆ. ಪಕ್ಕಕ್ಕೆ ಕಾಲು ಸುತ್ತು ತಿರುಗಿಸಿ ಹಿಡಿದಾಗ ನೀರಿನ ಮೇಲೆ ಕಣ್ಣು ಕುಕ್ಕುವ ಹೊಳಪು. ಹಾಕಿಕೊಳ್ಳುವ ಹಾಗೆ ನೆಟ್ಟಗೆ ಹಿಡಿದಾಗ ಹೊಳಪು ಮಾಯ. "ಸರ್, ಬಣ್ಣ ಜಾಸ್ತಿ ಆಯ್ತು!" ಅಂತ ಕೂಗಿದಳು. ಆಮೇಲೆ ಆ ಕನ್ನಡಕ ನನ್ನ ಕೈಗೆ ಬಂದದ್ದು ದಡ ಸೇರಿದ ಮೇಲೆಯೇ.

ಹಾಗಾದರೆ ನೀಲಿ ಎಲ್ಲಿಂದ? ನೀರು ಬಿಸಿಲಿನ ಕೆಂಪು ಭಾಗವನ್ನು ಹೀರಿಕೊಳ್ಳುತ್ತದೆ. ಕೊಡಪಾನದಷ್ಟು ನೀರಿನಲ್ಲಿ ಅದು ಗೊತ್ತಾಗುವುದಿಲ್ಲ, ಹತ್ತಾರು ಅಡಿ ಆಳವಿದ್ದರೆ ಗೊತ್ತಾಗುತ್ತದೆ. ಉಳಿದ ನೀಲಿಯನ್ನು ನೀರಿನ ಅಣುಗಳು ಚದುರಿಸಿ ಮೇಲಕ್ಕೆ ಕಳಿಸುತ್ತವೆ. ರಾಮನ್ ಒತ್ತು ಕೊಟ್ಟದ್ದು ಈ ಚದುರುವಿಕೆಗೆ. ಹೀರುವುದರ ಪಾಲು ದೊಡ್ಡದು ಅಂತ ಇವತ್ತು ಗೊತ್ತಿದೆ. ಎರಡರಲ್ಲಿ ಯಾವುದೂ ರಾಮನ್ ಪರಿಣಾಮ ಅಲ್ಲ.

ಇದೊಂದನ್ನು ದಯವಿಟ್ಟು ನೆನಪಿಡಿ. ಕಡಲಿನಲ್ಲಿ ಚದುರುವ ನೀಲಿ ಬೆಳಕು ಮೊದಲೂ ನೀಲಿ, ಆಮೇಲೂ ನೀಲಿ. ರಾಮನ್ ಪರಿಣಾಮದಲ್ಲಿ ಬೆಳಕಿನ ಬಣ್ಣವೇ ಬದಲಾಗುತ್ತದೆ. ಅಣುವಿಗೆ ತಾಗಿದಾಗ ಸ್ವಲ್ಪ ಶಕ್ತಿ ಕೊಟ್ಟೋ ತೆಗೆದುಕೊಂಡೋ ಹೊರಡುತ್ತದೆ. ಚದುರಿದ ಬೆಳಕಿನ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಇಷ್ಟು ಅಪರೂಪದ್ದು ಇಡೀ ಅರಬ್ಬೀ ಸಮುದ್ರಕ್ಕೆ ಬಣ್ಣ ಬಳಿಯುವುದುಂಟಾ?

ರಾಮನ್ ಈ ಪರಿಣಾಮವನ್ನು ಹಿಡಿದದ್ದು ಕಲ್ಕತ್ತದ ಪ್ರಯೋಗಾಲಯದಲ್ಲಿ, ಶಿಷ್ಯ ಕೆ. ಎಸ್. ಕೃಷ್ಣನ್ ಜೊತೆ, 1928ರಲ್ಲಿ. ಬಿಸಿಲು ಬರುವ ದಾರಿಗೆ ನೀಲಿ-ನೇರಳೆ ಗಾಜು, ನೋಡುವ ಕಣ್ಣಿನ ಮುಂದೆ ಹಸಿರು-ಹಳದಿ ಗಾಜು, ನಡುವೆ ಶುದ್ಧ ದ್ರವ. ಒಂದು ಗಾಜು ಬಿಟ್ಟ ಬಣ್ಣವನ್ನು ಇನ್ನೊಂದು ತಡೆಯುತ್ತದೆ, ಹಾಗಾಗಿ ಕತ್ತಲೆ ಕಾಣಬೇಕು. ಆದರೂ ಮಸುಕಾಗಿ ಬೆಳಕಿನ ಗೆರೆ ಕಂಡಿತು. ಬಣ್ಣ ಬದಲಾಗದೆ ಅದು ದಾಟಲು ಸಾಧ್ಯವೇ ಇರಲಿಲ್ಲ. ಸುಮಾರು 60 ದ್ರವಗಳಲ್ಲಿ ನೋಡಿ ಖಚಿತ ಮಾಡಿಕೊಂಡರು. ಕಡಲು ಅವರನ್ನು ಚದುರುವಿಕೆಯ ಅಧ್ಯಯನಕ್ಕೆ ಎಳೆಯಿತು, ಅದು ಸತ್ಯ. ಎರಡೂ ಒಂದೇ ಅಂತ ಕಲಸಿಬಿಟ್ಟದ್ದು ನಾವು.

ಹಾಂ, ನಾವು ವಿಜ್ಞಾನ ದಿನ ಆಚರಿಸುವ ಫೆಬ್ರವರಿ 28 ರಾಮನ್ ಹುಟ್ಟಿದ ದಿನವೂ ಅಲ್ಲ. ಅವರು ಹುಟ್ಟಿದ್ದು 1888ರ ನವೆಂಬರ್ 7. ಭಾಷಣದಲ್ಲಿ ಅದೂ ಇದ್ದರೆ ತಿದ್ದಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀರಿನ ಸ್ವಂತ ಬಣ್ಣ ನೀಲಿ ಆದರೆ ಜೂನ್‌ನಲ್ಲಿ ಮಲ್ಪೆ ಕಡಲು ಯಾಕೆ ಕೆಂಪು-ಕಂದು? ಸ್ವರ್ಣಾ, ಸೀತಾ ಹೊಳೆಗಳು ತರುವ ಮಣ್ಣು, ಅಲೆ ಕಲಕಿ ಎಬ್ಬಿಸುವ ಕೆಸರು. ಬೆಳಕು ಆಳಕ್ಕೆ ಇಳಿಯುವ ಮೊದಲೇ ಮಣ್ಣಿನ ಕಣಕ್ಕೆ ತಾಗಿ ವಾಪಸ್ ಬರುತ್ತದೆ. ಮಳೆ ಕಡಿಮೆಯಾದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ಡಿಸೆಂಬರ್ ಹೊತ್ತಿಗೆ ಕೆಸರು ತಳ ಸೇರಿರುತ್ತದೆ. ಮಗಳನ್ನು ಆಗ ದ್ವೀಪಕ್ಕೆ ಕರೆದುಕೊಂಡು ಹೋಗಿ. ಪೋಲರಾಯ್ಡ್ ಕನ್ನಡಕ ಮರೆಯಬೇಡಿ.