ಸಲಹೆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು?

"ಕೆಲಸ ಸುಧಾರಿಸಲು ನಿಮ್ಮ ಐಡಿಯಾ ಕೊಡಿ" ಎನ್ನುವ ಮಾತು ಈಗ ಎಲ್ಲ ಕಚೇರಿ, ಕಾರ್ಖಾನೆಗಳಲ್ಲೂ ಕೇಳುತ್ತದೆ. ಕೆಲವು ಕಡೆ ಪೆಟ್ಟಿಗೆ, ಕೆಲವು ಕಡೆ ಆಪ್, ಇನ್ನು ಕೆಲವು ಕಡೆ ವರ್ಷಕ್ಕೊಂದು ಸ್ಪರ್ಧೆ. ಆದರೂ ಬಹಳ ಜನ ಒಂದೆರಡು ಸಲ ಬರೆದು ಸುಮ್ಮನಾಗುತ್ತಾರೆ. ಬಹುಮಾನ ಜಾಸ್ತಿ ಮಾಡಿ ಅಂತ ಕೆಲವರು ಹೇಳುತ್ತಾರೆ. ದುಡ್ಡು ತಂದರೆ ಎಲ್ಲ ಕೆಡುತ್ತದೆ ಅಂತ ಮತ್ತೆ ಕೆಲವರು. ಈ ವಾದ ಇಷ್ಟು ಗೋಜಲಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1721ರಲ್ಲಿ ಜಪಾನಿನ ಶೋಗನ್, ಅಂದರೆ ಆಡಳಿತ ನಡೆಸುತ್ತಿದ್ದ ಸೇನಾಧಿಪತಿ, ತೊಕುಗಾವಾ ಯೊಶಿಮುನೆ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಒಂದು ಪೆಟ್ಟಿಗೆ ಇಡಿಸಿದ. ಸಾಮಾನ್ಯ ಜನ ದೂರು, ಸಲಹೆ ಬರೆದು ಹಾಕಬಹುದಿತ್ತು. ಹೆಸರು, ವಿಳಾಸ ಬರೆಯಲೇಬೇಕು. ಪೆಟ್ಟಿಗೆಗೆ ಬೀಗ ಇತ್ತು, ಅದು ತೆರೆಯುತ್ತಿದ್ದದ್ದು ಶೋಗನ್ ಎದುರಿಗೇ. ಒಬ್ಬ ವೈದ್ಯ ಬಡ ರೋಗಿಗಳಿಗೆ ಆಸ್ಪತ್ರೆ ಬೇಕು ಅಂತ ಬರೆದು ಹಾಕಿದ. ಮರುವರ್ಷವೇ ಆಸ್ಪತ್ರೆ ಶುರುವಾಯಿತು. ಬರೆದವನಿಗೂ ತೀರ್ಮಾನ ಮಾಡುವವನಿಗೂ ನಡುವೆ ಎಷ್ಟು ಕಡಿಮೆ ದೂರ ಇತ್ತು ನೋಡಿ.

ಕಾರ್ಖಾನೆಗಳಿಗೆ ಇದು ಬರಲು ಒಂದೂವರೆ ಶತಮಾನ ಹಿಡಿಯಿತು. 1880ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ವಿಲಿಯಂ ಡೆನ್ನಿಯ ಹಡಗುಕಟ್ಟೆ, ಕೆಲಸಗಾರರ ಹೊಸ ಉಪಾಯಗಳಿಗೆ ಬಹುಮಾನ ಕೊಡತೊಡಗಿತು. 1898ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಒಬ್ಬ ಕೆಲಸಗಾರನಿಗೆ 2 ಡಾಲರ್ ಸಿಕ್ಕಿತು. ಅವನು ಹೇಳಿದ್ದು ಇಷ್ಟೇ: ಕಿಟಕಿ ತೊಳೆಸಿ, ಬೆಳಕು ಚೆನ್ನಾಗಿ ಬರುತ್ತದೆ. ಆಮೇಲೆ ಎರಡು ಮಹಾಯುದ್ಧಗಳು ಬಂದವು. ಇರುವ ಜನ, ಇರುವ ಯಂತ್ರದಲ್ಲೇ ಜಾಸ್ತಿ ಮಾಲು ಬೇಕಾದಾಗ ಸಲಹೆ ಕೇಳುವುದು ದೊಡ್ಡ ಕಾರ್ಖಾನೆಗಳಲ್ಲಿ ರೂಢಿಯಾಯಿತು.

ದಾರಿ ಎರಡಾಗಿ ಒಡೆದದ್ದು ಯುದ್ಧದ ನಂತರ. ನನ್ನ ಪ್ರಕಾರ ಇವತ್ತಿನ ಗೊಂದಲದ ಬೇರು ಇಲ್ಲೇ ಇದೆ.

1950ರಲ್ಲಿ ಟೊಯೋಟಾದ ಎಯ್ಜಿ ಟೊಯೋಡಾ ಫೋರ್ಡ್ ಕಾರ್ಖಾನೆ ನೋಡಲು ಅಮೆರಿಕಕ್ಕೆ ಹೋದರು. ಅಲ್ಲಿ ಕಂಡ ಸಲಹೆ ಪದ್ಧತಿಯನ್ನು ಮಾದರಿಯಾಗಿ ಇಟ್ಟುಕೊಂಡು 1951ರಲ್ಲಿ ಟೊಯೋಟಾ ತನ್ನದೊಂದು ಶುರುಮಾಡಿತು. ಯುದ್ಧಕಾಲದಲ್ಲಿ ಅಮೆರಿಕದ ಸೂಪರ್‌ವೈಸರ್‌ಗಳಿಗೆ ಕೊಟ್ಟ ತರಬೇತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿಗೆ ಬಂತು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಬರೆ. ಪ್ರತಿ ಹಂತಕ್ಕೂ "ಇದು ಯಾಕೆ ಬೇಕು?" ಅಂತ ಕೇಳು. ಬೇಡದ್ದು ತೆಗೆ, ಕೂಡಿಸಬಹುದಾದ್ದು ಕೂಡಿಸು, ಹಿಂದುಮುಂದು ಮಾಡಿ ನೋಡು, ಸುಲಭ ಮಾಡು. ಇದು ಆ ಪಾಠ.

ಟೊಯೋಟಾ ಮಾದರಿ ತಂದ ಅಮೆರಿಕದಲ್ಲಿ ಏನಾಯಿತು? ಸಲಹೆ ಅಂದರೆ ಉಳಿತಾಯ ಅನ್ನುವ ಲೆಕ್ಕ ಗಟ್ಟಿಯಾಯಿತು. ಚೀಟಿ ಸಮಿತಿಗೆ ಹೋಗುತ್ತದೆ. ಸಮಿತಿ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತದೆ. ಒಪ್ಪಿದರೆ ಉಳಿದ ಹಣದಲ್ಲಿ ಒಂದು ಪಾಲು ಬಹುಮಾನ. ಮೊತ್ತ ದೊಡ್ಡದಾದಷ್ಟೂ "ಮೊದಲು ಹೇಳಿದ್ದು ನಾನು" ಅನ್ನುವ ಜಗಳ. ಪಕ್ಕದವರು ಕದ್ದಾರು ಅಂತ ಐಡಿಯಾ ಬಚ್ಚಿಡುವವರೂ ಇದ್ದರು. ಸೂಪರ್‌ವೈಸರ್‌ಗೂ ಮುಜುಗರ. "ಇದು ನಿನಗೇ ಹೊಳೆಯಬಾರದಿತ್ತಾ?" ಅಂತ ಮೇಲಿನವರು ಕೇಳುತ್ತಾರಲ್ವಾ?

ಜಪಾನಿನಲ್ಲಿ ಬಹುಮಾನ ತೀರಾ ಚಿಕ್ಕದು. ಆದರೆ ಸೂಪರ್‌ವೈಸರ್ ಜೊತೆಯಲ್ಲೇ ಕೂತು ಐಡಿಯಾ ತಿದ್ದುತ್ತಾನೆ. ಹೇಳಿದವನೇ ಅದನ್ನು ಮಾಡಿ ತೋರಿಸುತ್ತಾನೆ. ಸ್ಪ್ಯಾನರ್ ಇಡುವ ಜಾಗ ಒಂದಡಿ ಹತ್ತಿರಕ್ಕೆ ತರುವಂಥ ಸಣ್ಣ ಬದಲಾವಣೆಯೂ ಲೆಕ್ಕಕ್ಕೆ ಬರುತ್ತದೆ. 1962ರಲ್ಲಿ ಕವೊರು ಇಶಿಕಾವಾ ಅವರ ಮುಂದಾಳತ್ವದಲ್ಲಿ, ಕೆಲಸಗಾರರೇ ಸಣ್ಣ ಗುಂಪಾಗಿ ಕೂತು ಗುಣಮಟ್ಟದ ತೊಂದರೆ ಬಗೆಹರಿಸುವ ಕ್ವಾಲಿಟಿ ಸರ್ಕಲ್‌ಗಳು ಶುರುವಾದವು. 1980ರ ದಶಕದಲ್ಲಿ ಟೊಯೋಟಾದಲ್ಲಿ ಸಲಹೆಗಳು ವರ್ಷಕ್ಕೆ 20 ಲಕ್ಷ ದಾಟಿದವು. ಬಹುಪಾಲು ಜಾರಿಗೂ ಬಂದವು.

ಈ ಸಂಖ್ಯೆ ಕಂಡು ಎಲ್ಲರೂ ಬೆರಗಾದರು. 1986ರಲ್ಲಿ ಮಸಾಕಿ ಇಮಾಯ್ ಅವರ ಪುಸ್ತಕ ಬಂದ ಮೇಲೆ ಕೈಜೆನ್, ಅಂದರೆ ಸಣ್ಣ ಸಣ್ಣದಾಗಿ ಸದಾ ಸುಧಾರಿಸುತ್ತಾ ಹೋಗುವುದು, ಅನ್ನುವ ಪದ ಎಲ್ಲೆಡೆ ಹರಡಿತು. ಹೆಚ್ಚಿನ ಕಡೆ ಜನ ನಕಲು ಮಾಡಿದ್ದು ಸಂಖ್ಯೆಯನ್ನು. ತಲೆಗೆ ಇಷ್ಟು ಐಡಿಯಾ ಅಂತ ಕೋಟಾ ಬಂತು. ತಿಂಗಳ ಕೊನೆಗೆ ಲೆಕ್ಕ ತುಂಬಿಸಲು ಚೀಟಿಗಳು ಬಂದವು. ಹತ್ತಿರ ಕೂತು ತಿದ್ದುವ ಕೆಲಸಕ್ಕೆ ಯಾರಿಗೂ ಬಿಡುವು ಕೊಡಲಿಲ್ಲ. ಅದು ನನಗೆ ಇವತ್ತಿಗೂ ಬೇಸರ ತರುವ ವಿಷಯ.

ಆಮೇಲೆ ಇಂಟರ್ನೆಟ್. 2006ರಲ್ಲಿ ಐಬಿಎಂ ನಡೆಸಿದ ಆನ್‌ಲೈನ್ ಚರ್ಚೆಯಲ್ಲಿ ಒಂದೂವರೆ ಲಕ್ಷ ಜನ ಸೇರಿದರು. ಆರಿಸಿದ ಹತ್ತು ಹೊಸ ವ್ಯವಹಾರಗಳಿಗೆ ಕಂಪನಿ 10 ಕೋಟಿ ಡಾಲರ್ ಇಟ್ಟಿತು. ಹೊಸ ವ್ಯಾಪಾರ ಹುಡುಕಲು ಇದು ಒಳ್ಳೆಯ ದಾರಿ. ಆದರೆ ಸ್ಪ್ಯಾನರ್ ಇಡುವ ಜಾಗದ ಮಾತು ಅಷ್ಟು ದೊಡ್ಡ ಗುಂಪಿನಲ್ಲಿ ಯಾರಿಗೆ ಕೇಳಿಸೀತು? ಲೈಕ್ ಎಣಿಸಿ ಆರಿಸುವ ಕಡೆ, ರಾತ್ರಿ ಶಿಫ್ಟಿನಲ್ಲಿ ನಾಲ್ಕೇ ಜನಕ್ಕೆ ಗೊತ್ತಿರುವ ತೊಂದರೆ ಮೇಲೆ ಬರುವುದೇ ಕಷ್ಟ.

ಇನ್ನೊಂದು ಹಳೆಯ ಭಯ ಹಾಗೇ ಉಳಿದಿದೆ. ನನ್ನ ಐಡಿಯಾದಿಂದ ಮೂರು ಜನರ ಕೆಲಸ ಇಬ್ಬರಿಂದ ಆಗುವುದಾದರೆ, ಮೂರನೆಯವರ ಗತಿಯೇನು? ಇದಕ್ಕೆ ಮೊದಲೇ, ಬರಹದಲ್ಲಿ ಉತ್ತರ ಕೊಡದೆ ಜನ ಬಾಯಿ ಬಿಡಲಿ ಅಂತ ಕಾಯುವುದು ನ್ಯಾಯವಲ್ಲ.

ಈಗ ಕೆಲವು ಕಡೆ ಪೆಟ್ಟಿಗೆ ತೆಗೆದು ಕೆಲಸದ ಜಾಗದಲ್ಲೇ ಬೋರ್ಡ್ ಹಾಕುತ್ತಿದ್ದಾರೆ. ಚೀಟಿಯಲ್ಲಿ ಐಡಿಯಾ, ಅದನ್ನು ಪರೀಕ್ಷಿಸುವವರ ಹೆಸರು, ಉತ್ತರ ಕೊಡುವ ತಾರೀಖು. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಅದೇ ಚೀಟಿಯ ಕೆಳಗೆ ಬರೆಯುತ್ತಾರೆ. ತಾರೀಖು ದಾಟಿದ ಚೀಟಿ, ಆ ದಾರಿಯಲ್ಲಿ ಹೋಗಿಬರುವ ಎಲ್ಲರ ಕಣ್ಣಿಗೂ ಬೀಳುತ್ತದೆ.