ವಿಂಡೋ ಎಷ್ಟು ದೊಡ್ಡದಾಗಿ ತೆರೆಯಬೇಕೆಂದು ಹೇಳುವವರು ಯಾರು?

ಪ್ರೋಗ್ರಾಂ ತೆರೆದ ಕೂಡಲೇ ಮೂಲೆ ಹಿಡಿದು ಎಳೆದು ವಿಂಡೋವನ್ನು ಬೇಕಾದ ಅಳತೆಗೆ ತರುವುದು ಎಷ್ಟೋ ಜನರಿಗೆ ನಿತ್ಯದ ಕೆಲಸವಾಗಿಬಿಟ್ಟಿದೆ. ಬೇಸತ್ತವರು ಸೆಟ್ಟಿಂಗ್ಸ್ ಒಳಹೊಕ್ಕು ‘ಡೀಫಾಲ್ಟ್ ವಿಂಡೋ ಅಳತೆ’ ಎಂಬ ಆಯ್ಕೆಗಾಗಿ ತಡಕಾಡುತ್ತಾರೆ. ವಿಂಡೋಸ್‌ನಲ್ಲಾಗಲಿ ಮ್ಯಾಕ್‌ನಲ್ಲಾಗಲಿ ಎಲ್ಲ ಪ್ರೋಗ್ರಾಂಗಳಿಗೂ ಒಟ್ಟಿಗೆ ಅನ್ವಯಿಸುವ ಅಂಥ ಆಯ್ಕೆಯೇ ಇಲ್ಲ. ಅಳತೆಯ ಮಾತು ಮೂರು ಕಡೆಯಿಂದ ಬರುತ್ತದೆ. ಶಾರ್ಟ್‌ಕಟ್ ಒಂದು ಕೋರಿಕೆ ಮುಂದಿಡುತ್ತದೆ. ಪ್ರೋಗ್ರಾಂ ಕಳೆದ ಸಲದ ಅಳತೆಯನ್ನು ನೆನಪಿಟ್ಟಿರುತ್ತದೆ. ಇವೆರಡನ್ನೂ ಮೀರಿ ವಿಂಡೋ ಮ್ಯಾನೇಜರ್, ಅಂದರೆ ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ವ್ಯವಸ್ಥೆ, ತನ್ನ ನಿಯಮ ಹೇರಬಹುದು. ಯಾರ ಮಾತು ನಡೆಯುತ್ತಿದೆ ಎಂಬುದನ್ನು ಮೊದಲು ಪತ್ತೆಮಾಡಿದರೆ ಎಲ್ಲಿ ಕೈಹಾಕಬೇಕೆಂದು ತಾನಾಗಿ ತಿಳಿಯುತ್ತದೆ.

ಹೆಚ್ಚಿನ ಸಲ ನಡೆಯುವುದು ಪ್ರೋಗ್ರಾಂನ ನೆನಪೇ. ಅದಕ್ಕೆ ಸರಿಯಾದ ಅಳತೆ ಕಲಿಸುವ ಕ್ರಮ ಹೀಗಿದೆ: ಆ ಪ್ರೋಗ್ರಾಂನ ಒಂದೇ ಒಂದು ವಿಂಡೋ ಉಳಿಸಿಕೊಂಡು ಬಾಕಿಯವನ್ನು ಮುಚ್ಚಿ. ಉಳಿದದ್ದು ಪೂರ್ಣ ಪರದೆಯಲ್ಲಿದ್ದರೆ ರಿಸ್ಟೋರ್ ಗುಂಡಿ ಒತ್ತಿ ಚಿಕ್ಕದು ಮಾಡಿ. ಅಂಚು ಹಿಡಿದೆಳೆದು ಅಳತೆ ಕೊಟ್ಟು, ಮಾಮೂಲಿನಂತೆ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಿಂದ ಕೊಂದರೆ ಅಳತೆ ಬರೆದಿಟ್ಟುಕೊಳ್ಳಲು ಪ್ರೋಗ್ರಾಂಗೆ ಅವಕಾಶವೇ ಸಿಗುವುದಿಲ್ಲ. ಎರಡು ವಿಂಡೋ ತೆರೆದಿದ್ದಾಗ ಸಾಮಾನ್ಯವಾಗಿ ಕೊನೆಗೆ ಮುಚ್ಚಿದ್ದರ ಅಳತೆಯೇ ಉಳಿಯುತ್ತದೆ. ‘ನಿನ್ನೆ ಸರಿಮಾಡಿದ್ದೆ, ಇವತ್ತು ಮತ್ತೆ ಕೆಟ್ಟಿದೆ’ ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಇಲ್ಲೇ ಇರುತ್ತದೆ.

ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಸ್ನ್ಯಾಪ್, ಅಂದರೆ ವಿಂಡೋವನ್ನು ಪರದೆಯ ಒಂದು ಭಾಗಕ್ಕೆ ತಾನಾಗಿ ಕೂರಿಸುವ ಸೌಲಭ್ಯ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ನೀವು ಒಂದು ವಿಂಡೋವನ್ನು 1100×700ಕ್ಕೆ ಎಳೆದಿದ್ದೀರಿ ಎನ್ನಿ. ಆಮೇಲೆ ವಿಂಡೋಸ್ ಕೀ ಜೊತೆ ಎಡ ಬಾಣ ಒತ್ತಿದರೆ ಅದು 960 ಅಗಲಕ್ಕೆ ಇಳಿದು ಎಡ ಅರ್ಧವನ್ನು ತುಂಬುತ್ತದೆ. ಹಾಗೆಯೇ ಮುಚ್ಚಿ ಮತ್ತೆ ತೆರೆದರೆ ಎಷ್ಟೋ ಪ್ರೋಗ್ರಾಂಗಳು 1100×700ಕ್ಕೇ ಮರಳುತ್ತವೆ. ಕಾರಣ, ವಿಂಡೋಸ್ ಪ್ರತಿ ವಿಂಡೋಗೂ ಈಗ ಕಾಣುವ ಅಳತೆಯಲ್ಲದೆ ‘ಸಾಮಾನ್ಯ ಸ್ಥಿತಿ’ಯ ಅಳತೆಯೊಂದನ್ನು ಪ್ರತ್ಯೇಕವಾಗಿ ಕಾಯ್ದಿಡುತ್ತದೆ. ಸ್ನ್ಯಾಪ್ ಮಾಡಿದರೂ ಮ್ಯಾಕ್ಸಿಮೈಸ್ ಮಾಡಿದರೂ ಈ ಎರಡನೆಯದು ಅಲುಗುವುದಿಲ್ಲ, ಪ್ರೋಗ್ರಾಂಗಳು ಸಾಮಾನ್ಯವಾಗಿ ಉಳಿಸುವುದು ಅದನ್ನೇ. ಅರ್ಧ ಪರದೆಯ ಅಳತೆಯೇ ಖಾಯಂ ಬೇಕಿದ್ದರೆ ಸ್ನ್ಯಾಪ್ ಬಿಟ್ಟು, ಕೈಯಿಂದಲೇ ಎಳೆದು ಅಷ್ಟಕ್ಕೆ ತನ್ನಿ. ಪ್ರತಿದಿನ ಒಂದೇ ಜೋಡಣೆ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್‌ನ ಉಚಿತ ಉಪಕರಣ ಪವರ್‌ಟಾಯ್ಸ್‌ನ ಫ್ಯಾನ್ಸಿಜೋನ್ಸ್ ವಾಸಿ. ಪರದೆಯನ್ನು ಅದು ಜೋನ್‌ಗಳೆಂಬ ಭಾಗಗಳಾಗಿ ಹಂಚುತ್ತದೆ. ಹೊಸ ವಿಂಡೋಗಳನ್ನು ಹಿಂದಿನ ಜೋನ್‌ಗೇ ಕಳಿಸುವ ಆಯ್ಕೆ ಅದರಲ್ಲಿದೆ.

ಶಾರ್ಟ್‌ಕಟ್‌ನ ಕೋರಿಕೆ ಬಲು ಸೀಮಿತ. ಅದರ ಪ್ರಾಪರ್ಟೀಸ್‌ನಲ್ಲಿ ‘ರನ್’ ಎಂಬಲ್ಲಿ ಸಾಮಾನ್ಯ, ಮಿನಿಮೈಸ್, ಮ್ಯಾಕ್ಸಿಮೈಸ್ ಎಂಬ ಮೂರೇ ಆಯ್ಕೆ. ಪಿಕ್ಸೆಲ್ ಲೆಕ್ಕ ಹೇಳಲು ಜಾಗವಿಲ್ಲ. ಅದನ್ನು ಪಾಲಿಸುವುದೂ ಬಿಡುವುದೂ ಪ್ರೋಗ್ರಾಂನ ಇಷ್ಟ. ಡೆಸ್ಕ್‌ಟಾಪ್‌ನ ಐಕಾನ್ ಬದಲಿಸಿದರೆ ಟಾಸ್ಕ್‌ಬಾರ್‌ಗೆ ಪಿನ್ ಮಾಡಿದ್ದು ಬದಲಾಗದು, ಅದು ಬೇರೆಯೇ ಪ್ರತಿ. ಪಿನ್ ಮಾಡಿದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪಟ್ಟಿಯಲ್ಲಿ ಬರುವ ಪ್ರೋಗ್ರಾಂ ಹೆಸರಿನ ಮೇಲೆ ಮತ್ತೊಮ್ಮೆ ಬಲ ಕ್ಲಿಕ್ ಮಾಡಿದರೆ ಅದರ ಪ್ರಾಪರ್ಟೀಸ್ ಸಿಗುತ್ತದೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದಾಗ ಇವೆರಡೂ ಲೆಕ್ಕಕ್ಕಿಲ್ಲ.

ವಿಂಡೋಸ್, ಮ್ಯಾಕ್‌ಗಳಲ್ಲಿ ನಿಖರ ಸಂಖ್ಯೆ ಕೊಡಲು ಸಿಗುವ ಜಾಗವೆಂದರೆ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋ. ವಿಂಡೋಸ್ ಟರ್ಮಿನಲ್ 120 ಕಾಲಂ, 30 ಸಾಲಿನೊಂದಿಗೆ ತೆರೆಯುತ್ತದೆ. ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀ ಒಟ್ಟಿಗೆ ಒತ್ತಿ, ಸ್ಟಾರ್ಟ್‌ಅಪ್ ಪುಟದ ‘ಲಾಂಚ್ ಸೈಜ್’ನಲ್ಲಿ ಇದನ್ನು ಬದಲಿಸಬಹುದು. ಇಲ್ಲಿನ ಎಣಿಕೆ ಪಿಕ್ಸೆಲ್‌ಗಳದ್ದಲ್ಲ, ಅಕ್ಷರಗಳದ್ದು. ಹಾಗಾಗಿ ಫಾಂಟ್ ದೊಡ್ಡದು ಮಾಡಿದರೆ ವಿಂಡೋವೂ ಹಿಗ್ಗುತ್ತದೆ. ಮೊದಲು ಫಾಂಟ್ ತೀರ್ಮಾನಿಸಿ, ಆಮೇಲೆ ಸಂಖ್ಯೆ ತುಂಬಿ. ಹೊಸ ಟರ್ಮಿನಲ್ ಈಗಾಗಲೇ ತೆರೆದ ವಿಂಡೋದಲ್ಲಿ ಟ್ಯಾಬ್ ಆಗಿ ಬರುವಂತೆ ಇಟ್ಟಿದ್ದರೂ, ಹಿಂದಿನ ಸೆಷನ್ ಮರಳಿ ತೆರೆಯುವಂತೆ ಇಟ್ಟಿದ್ದರೂ ಈ ಸಂಖ್ಯೆ ಕೆಲಸಕ್ಕೆ ಬಾರದು. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಪ್ರೊಫೈಲ್ಸ್ ಒಳಗಿನ ವಿಂಡೋ ಟ್ಯಾಬ್‌ಗೆ ಹೋಗಿ ಕಾಲಂ, ಸಾಲು ಬದಲಿಸಿದ ಮೇಲೆ ಆ ಪ್ರೊಫೈಲನ್ನೇ ಡೀಫಾಲ್ಟ್ ಮಾಡಲು ಮರೆಯಬೇಡಿ. ಅಲ್ಲಿ ಕಾಣುವ 80×24 ಹಳೆಯ ಬಳುವಳಿ. 1978ರ ವಿಟಿ100 ಟರ್ಮಿನಲ್‌ನ ಪರದೆ ಅಷ್ಟೇ ಇತ್ತು. 80 ಕಾಲಂ ಎಂಬುದಂತೂ 1928ರ ಐಬಿಎಂ ಪಂಚ್ ಕಾರ್ಡ್‌ನಷ್ಟು ಹಳೆಯದು.

ಲಿನಕ್ಸ್‌ನಲ್ಲಿ ವಿಂಡೋ ಮ್ಯಾನೇಜರ್‌ನ ಮಾತು ಗಟ್ಟಿ, ಅದರಲ್ಲೂ ಕೆಡಿಇ ಎಂಬ ಡೆಸ್ಕ್‌ಟಾಪ್‌ನಲ್ಲಿ. ಟೈಟಲ್ ಬಾರ್ ಮೇಲೆ ಬಲ ಕ್ಲಿಕ್ ಮಾಡಿ ‘ಮೋರ್ ಆಕ್ಷನ್ಸ್’ ಮೂಲಕ ಆ ವಿಂಡೋದ ವಿಶೇಷ ಸೆಟ್ಟಿಂಗ್ಸ್ ತೆರೆದು, ‘ಸೈಜ್’ ಗುಣವನ್ನು ಸೇರಿಸಿ 1200×800 ಎಂಬಂಥ ಸಂಖ್ಯೆ ಕೊಡಿ. ಜೊತೆಗಿನ ಆಯ್ಕೆಯಲ್ಲಿ ‘ಅಪ್ಲೈ ಇನಿಶಿಯಲಿ’ ಇಡಿ. ‘ಫೋರ್ಸ್’ ಇಟ್ಟರೆ ಆಮೇಲೆ ನೀವೇ ಎಳೆದರೂ ವಿಂಡೋ ಜಗ್ಗುವುದಿಲ್ಲ. ವಿಂಡೋ ಬಗೆಯನ್ನು ‘ನಾರ್ಮಲ್’ಗೆ ಸೀಮಿತಗೊಳಿಸದಿದ್ದರೆ ಅದೇ ಪ್ರೋಗ್ರಾಂನ ಪುಟ್ಟ ಡೈಲಾಗ್‌ಗಳೂ 1200×800ಕ್ಕೆ ಉಬ್ಬಿ ನಿಲ್ಲುತ್ತವೆ. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಬೇರೆಯದೇ ಸಿಕ್ಕು: ಪರದೆಯ ಬಹುಭಾಗ ಆವರಿಸುವಂತೆ ತೆರೆಯುವ ವಿಂಡೋವನ್ನು ಅದು ತಾನಾಗಿ ಮ್ಯಾಕ್ಸಿಮೈಸ್ ಮಾಡುತ್ತದೆ. ಸೆಟ್ಟಿಂಗ್ಸ್ ತಿದ್ದುವ ಡಿಕಾನ್ಫ್ ಎಡಿಟರ್‌ನಲ್ಲಿ ಮಟರ್ (ಗ್ನೋಮ್‌ನ ವಿಂಡೋ ಮ್ಯಾನೇಜರ್) ವಿಭಾಗದ ‘ಆಟೋ-ಮ್ಯಾಕ್ಸಿಮೈಸ್’ ಆಫ್ ಮಾಡಿದರೆ ಅದು ನಿಲ್ಲುತ್ತದೆ. ಲಿನಕ್ಸ್‌ನ ಹೊಸ ಪರದೆ ವ್ಯವಸ್ಥೆಯಾದ ವೇಲ್ಯಾಂಡ್‌ನ ಸೆಷನ್‌ನಲ್ಲಿ ಪ್ರೋಗ್ರಾಂ ತನ್ನ ಅಳತೆ ಕೇಳಿಕೊಳ್ಳಬಹುದು, ತನ್ನ ಜಾಗವನ್ನು ತಾನೇ ಆರಿಸುವಂತಿಲ್ಲ. ಅದಕ್ಕೂ ಹಿಂದಿನ ಎಕ್ಸ್11 ವ್ಯವಸ್ಥೆಯ ಕಾಲದ, ವಿಂಡೋಗಳನ್ನು ಆಜ್ಞೆಯಿಂದ ಸರಿಸುವ wmctrl ಸ್ಕ್ರಿಪ್ಟ್‌ಗಳು ಅಲ್ಲಿ ಮೌನವಾಗಿ ಸೋಲುವುದು ಇದೇ ಬಿಗಿಯಿಂದ.

ಎಲ್ಲ ಸರಿಯಿದ್ದೂ ಅಳತೆ ತಪ್ಪುತ್ತಿದ್ದರೆ ಸ್ಕೇಲಿಂಗ್ ನೋಡಿ. 1920×1080 ಪರದೆಗೆ 125% ಸ್ಕೇಲಿಂಗ್ ಇಟ್ಟರೆ ಪ್ರೋಗ್ರಾಂಗೆ ಸಿಗುವ ಜಾಗ 1536×864 ಮಾತ್ರ. 150% ಇಟ್ಟರೆ 1280×720. 100%ನಲ್ಲಿ ಉಳಿಸಿದ 1400 ಅಗಲ ಅಲ್ಲಿ ಹಿಡಿಸುವುದೇ ಇಲ್ಲ. ಸ್ಕೇಲಿಂಗ್ ಬೇರೆ ಬೇರೆ ಇರುವ ಎರಡು ಮಾನಿಟರ್‌ಗಳ ನಡುವೆ ಓಡಾಡುವ ವಿಂಡೋ ಪ್ರತಿ ಸಲ ಹಿಗ್ಗಿ ಕುಗ್ಗುವುದಕ್ಕೂ ಇದೇ ಮೂಲ. ಸಾಧ್ಯವಿದ್ದರೆ ಎರಡಕ್ಕೂ ಒಂದೇ ಸ್ಕೇಲಿಂಗ್ ಕೊಡಿ.

ಎರಡನೆಯ ಮಾನಿಟರ್ ಕಳಚಿದ ಮೇಲೆ ವಿಂಡೋ ಕಾಣದ ಜಾಗದಲ್ಲಿ ತೆರೆದರೆ ಗಾಬರಿ ಬೇಡ. ಟಾಸ್ಕ್‌ಬಾರ್‌ನಲ್ಲಿ ಅದನ್ನು ಆಯ್ದು, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ನಂತರ ಎಂ ಒತ್ತಿ. ಒಮ್ಮೆ ಯಾವುದಾದರೂ ಬಾಣದ ಕೀ ಒತ್ತಿದ ಮೇಲೆ ಮೌಸ್ ಅಲ್ಲಾಡಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಪರದೆಯೊಳಗೆ ಬರುತ್ತದೆ. ವಿಂಡೋ ಮ್ಯಾಕ್ಸಿಮೈಸ್ ಆಗಿದ್ದರೆ ಎಂ ಕೆಲಸ ಮಾಡದು. ಅದೇ ಮೆನುವಿನಲ್ಲಿ ಮೊದಲು ಆರ್ ಒತ್ತಿ ರಿಸ್ಟೋರ್ ಮಾಡಿಕೊಳ್ಳಿ. ಒಳಗೆ ಬಂದ ಮೇಲೆ ಅಳತೆ ಸರಿಪಡಿಸಿ ಒಮ್ಮೆ ಮುಚ್ಚಿ ತೆರೆಯಿರಿ, ಹೊಸ ಜಾಗವನ್ನು ಪ್ರೋಗ್ರಾಂ ಬರೆದಿಟ್ಟುಕೊಳ್ಳುವುದು ಆಗಲೇ.