‘ಊಟ ಆತೇನ್ರಿ?’ ಎಂಬ ಕಷ್ಟದ ಪ್ರಶ್ನೆ

ನಮ್ಮ ಕಡೆ ಎದುರು ಸಿಕ್ಕವರು ‘ಊಟ ಆತೇನ್ರಿ?’ ಅಂತ ಕೇಳುತ್ತಾರೆ. ‘ಆತ್ರಿ, ನಿಮ್ದು?’ ಅಂದರೆ ಮುಗಿಯಿತು. ಊಟದ ವಿಚಾರ ಇಬ್ಬರಿಗೂ ಬೇಕಿಲ್ಲ. ಇದು ನನಗೆ ತಿಳಿದದ್ದು ಹತ್ತನೇ ತರಗತಿಗೆ ಬಂದ ಮೇಲೆ. ಅಲ್ಲಿಯವರೆಗೆ ನಾನು ನಿಜ ಹೇಳುತ್ತಿದ್ದೆ. ‘ಇನ್ನೂ ಇಲ್ರಿ, ಅವ್ವ ಪುಂಡಿಪಲ್ಯ ಮಾಡಾಕತ್ತಾಳ, ಒಂದೂವರಿಗೆ ಉಣ್ತೀನಿ.’ ಕೇಳಿದವರು ನಗುತ್ತಿದ್ದರು. ಯಾಕೆ ನಗುತ್ತಾರೆ ಅಂತ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಒಂದೊಂದಾಗಿ ನಿಯಮ ಮಾಡಿಕೊಂಡೆ. ‘ಊಟ ಆತೇನು’ ಅಂದರೆ ‘ಆತು’ ಅನ್ನಬೇಕು. ‘ಬರ್ತೀನಿ’ ಅಂದರೆ ಹೋಗುತ್ತಿದ್ದಾರೆ ಅಂತ. ‘ನೋಡೋಣ ಬಿಡ್ರಿ’ ಅಂದರೆ ಆಗಲ್ಲ. ‘ಚಾ ಬ್ಯಾಡ್ರಿ’ ಅಂದರೆ ಇನ್ನೊಮ್ಮೆ ಕೇಳಬೇಕು, ಮೂರನೇ ಸಲವೂ ಬೇಡ ಅಂದರೆ ಮಾತ್ರ ನಿಜವಾಗಿ ಬೇಡ. ಈಗ ನನಗೆ 41. ಬಳ್ಳಾರಿ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಇಂಥ ಪಟ್ಟಿ ಎಲ್ಲರ ತಲೆಯಲ್ಲೂ ಇರುತ್ತದೆ ಅಂತಲೇ ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ಅಕ್ಕನ ಮಗನನ್ನು ವೈದ್ಯರಿಗೆ ತೋರಿಸಲು ಹೋಗಿದ್ದೆವು. ಅವನಿಗೆ ಆಗ ನಾಲ್ಕು ತುಂಬಿತ್ತು, ಮಾತು ಕಡಿಮೆ. ವೈದ್ಯರ ಮುಂದೆ ಒಂದು ಫಾರಂ ಇತ್ತು. ಮಕ್ಕಳ ಆಟಿಸಂ (ಮೆದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ) ಅಳೆಯಲು ನಮ್ಮ ದೇಶದಲ್ಲೇ ತಯಾರಾದ ಅಳತೆ ಅದು, ಹೆಸರು ‘ಐಸಾ’. 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಲೆಕ್ಕ. ಒಬ್ಬನೇ ಆಡುತ್ತಾನಾ? ಮಾಡಿದ್ದನ್ನೇ ಮಾಡುತ್ತಾನಾ? ದಿನಚರಿ ಬದಲಾದರೆ ಹಟ ಮಾಡುತ್ತಾನಾ? ಐದಾರು ಪ್ರಶ್ನೆ ಆಗುವಷ್ಟರಲ್ಲಿ ಅಕ್ಕ ಅಂದಳು, ‘ಇವನ ಮಾಮನೂ ಹಿಂಗ ಮಾಡ್ತಿದ್ದನ್ರಿ. ಈಗ ಮೇಷ್ಟ್ರು ಆಗ್ಯಾನಲ್ರಿ?’ ವೈದ್ಯರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ದೊಡ್ಡವರಾದ ಮೇಲೆ ‘ನನಗೂ ಆಟಿಸಂ ಇರಬಹುದಾ?’ ಅಂತ ಕೇಳಿಕೊಳ್ಳುವ ಬಹಳ ಜನ ಬರುವುದು ಇದೇ ದಾರಿಯಲ್ಲಿ. ಮನೆಯ ಮಗುವಿನ ಫಾರಂನಲ್ಲಿ ತಮ್ಮ ಬಾಲ್ಯ ಕಾಣುತ್ತದೆ.

ಆದರೆ ಒಂದು ಅನುಮಾನ ಮೊದಲೇ ಇಟ್ಟುಕೊಳ್ಳಬೇಕು. ಮನೆ ಬಾಗಿಲಿಗೆ ಬುಡಬುಡಕ್ಯಾ ಬಂದು ‘ನಿನ್ನ ಮನಸಿನಾಗ ಒಂದು ಚಿಂತಿ ಅದ ತಾಯಿ’ ಅಂದರೆ ಯಾರು ಇಲ್ಲ ಅಂತಾರೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಗುಣದ ವರದಿ’ ಅಂತ ಒಂದೊಂದು ಚೀಟಿ ಕೊಟ್ಟರು. ಎಷ್ಟು ಹೊಂದುತ್ತದೆ ಅಂತ 5ಕ್ಕೆ ಅಂಕ ಕೇಳಿದರು. ಸರಾಸರಿ 4.26 ಬಂತು. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ! ‘ಗದ್ದಲ ಆಗಿಬರಲ್ಲ’, ‘ಜನರ ಜೊತೆ ಇದ್ದು ಸುಸ್ತಾಗುತ್ತದೆ’ ಅನ್ನುವಂಥ ಮಾತುಗಳೂ ಹಾಗೇ. ಯಾರಿಗೆ ಹೊಂದಲ್ಲ?

ಅದಕ್ಕೇ ಅಳತೆ ಬೇಕು. ವಯಸ್ಕರಿಗೆ ಹೆಚ್ಚು ಹೆಸರಾದದ್ದು 2001ರಲ್ಲಿ ಕೇಂಬ್ರಿಜ್‌ನ ಸೈಮನ್ ಬ್ಯಾರನ್‌–ಕೊಹೆನ್ ತಂಡ ಮಾಡಿದ 50 ಪ್ರಶ್ನೆಗಳ ಪರೀಕ್ಷೆ, ‘ಎಕ್ಯೂ’. ಆಟಿಸಂ ಪತ್ತೆಯಾದವರಲ್ಲಿ ಸುಮಾರು 80% ಜನ 32 ಅಥವಾ ಹೆಚ್ಚು ಅಂಕ ಪಡೆದರು. ಉಳಿದವರಲ್ಲಿ ಅಷ್ಟು ಪಡೆದವರು 2% ಮಾತ್ರ. ಇದನ್ನು ಓದಿ ನಾನೂ ಕೂತೆ. 34 ಬಂತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದ. ಒಂದು ಮದುವೆ ಊಟಕ್ಕೆ 1,000 ಜನ ಬಂದಿದ್ದಾರೆ ಅಂದುಕೊಳ್ಳಿ. ನೂರಕ್ಕೆ ಒಬ್ಬರಿಗೆ ಆಟಿಸಂ ಇದೆ ಅಂತ ಹಿಡಿದರೆ 10 ಜನ. ಅವರಲ್ಲಿ 8 ಜನರಿಗೆ 32ರ ಮೇಲೆ ಬರುತ್ತದೆ. ಉಳಿದ 990 ಜನರಲ್ಲಿ 2% ಅಂದರೆ ಸುಮಾರು 20 ಜನರಿಗೂ ಬರುತ್ತದೆ. ಒಟ್ಟು 28 ಜನ ಗೆರೆ ದಾಟಿದರು, ಆಟಿಸಂ ಇರುವುದು 8 ಜನರಿಗೆ. ಅಂದರೆ ಹತ್ತರಲ್ಲಿ ಮೂವರಿಗೂ ಇಲ್ಲ. ಸುಮ್ನೆ ಊಟಕ್ಕೆ ಬಂದವರಿಗೂ, ಅನುಮಾನ ಹುಟ್ಟಿ ಪರೀಕ್ಷೆಗೆ ಕೂತವರಿಗೂ ವ್ಯತ್ಯಾಸ ಇದೆ, ನಿಜ. ಅಂಥವರಲ್ಲಿ ಪ್ರಮಾಣ ಜಾಸ್ತಿಯೇ ಇರುತ್ತದೆ. ಆದರೆ 2016ರಲ್ಲಿ ಬ್ರಿಟನ್‌ನಲ್ಲಿ ತಪಾಸಣೆಗೆ ಬಂದಿದ್ದ 476 ವಯಸ್ಕರ ಅಂಕಗಳನ್ನು ನೋಡಿದಾಗ, ಕೊನೆಗೆ ಯಾರಿಗೆ ಆಟಿಸಂ ಅಂತ ಹೇಳಲು ಆ ಅಂಕಗಳು ಕೆಲಸಕ್ಕೆ ಬರಲಿಲ್ಲ. ಆತಂಕದ ಕಾಯಿಲೆ ಇದ್ದವರ ಅಂಕವೂ ಏರುತ್ತದೆ.

ಇನ್ನು ಆ ಪ್ರಶ್ನೆಗಳೋ! ಮ್ಯೂಸಿಯಂಗಿಂತ ನಾಟಕಕ್ಕೆ ಹೋಗುವುದು ಇಷ್ಟವಾ ಅಂತ ಒಂದಿದೆ, ಮ್ಯೂಸಿಯಂ ಅಂದರೆ ಆಟಿಸಂ ಕಡೆಗೆ ಒಂದು ಅಂಕ. ನಟ ಬಳ್ಳಾರಿ ರಾಘವರ ಊರಿನಲ್ಲಿ ನಾಟಕ ಬೇಡ ಅನ್ನುವವನು ಯಾರು? ನಮ್ಮಲ್ಲಿ ಸಂಗನಕಲ್ಲಿನ ಕಲ್ಲಿನ ಕೊಡಲಿಗಳನ್ನು ಇಟ್ಟ ಮ್ಯೂಸಿಯಂ ಕೂಡ ಇದೆ, ನಾನು ಅಲ್ಲಿಗೆ ಹೋದಾಗಲೆಲ್ಲ ಒಬ್ಬನೇ ಇರುತ್ತೇನೆ. ಇದು ಆಟಿಸಂ ಲಕ್ಷಣವೋ, ಊರಿನ ಲಕ್ಷಣವೋ? ಕಣ್ಣಲ್ಲಿ ಕಣ್ಣಿಟ್ಟು ನೋಡುವ ವಿಷಯವೂ ಹೀಗೇ. ದೊಡ್ಡವರನ್ನು ನೇರ ನೋಡಿದರೆ ನಮ್ಮಲ್ಲಿ ‘ಎದುರಾಡ್ತಾನ’ ಅಂತಾರೆ. ತಲೆ ತಗ್ಗಿಸಿ ನಿಂತ ಹುಡುಗ ಸಭ್ಯ ಹುಡುಗ.

ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ‘ಭಾಳ ಚಲೋ ಹುಡುಗಿ ರೀ, ಬಾಯಿ ತೆಗಿಯಂಗಿಲ್ಲ’ ಅಂತ ಹೊಗಳುವ ಊರಿನಲ್ಲಿ, ಮಾತು ಬಾರದೆ ಒದ್ದಾಡುವ ಹುಡುಗಿ ಯಾರ ಕಣ್ಣಿಗೆ ಬೀಳುತ್ತಾಳೆ? ಹಿಂದೆ ನಾಲ್ಕು ಗಂಡುಮಕ್ಕಳಿಗೆ ಒಂದು ಹೆಣ್ಣು ಅನ್ನುತ್ತಿದ್ದರು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2017ರ ಲೆಕ್ಕ ಮೂರಕ್ಕೆ ಒಂದರ ಹತ್ತಿರ ಬಂತು. ಪತ್ತೆಯಾಗದ ಹುಡುಗಿಯರು ಎಲ್ಲೋ ಇದ್ದಾರೆ ಅಂತಾಯಿತು.

ಯಾವುದು ಆಟಿಸಂ, ಯಾವುದು ಅಲ್ಲ ಅನ್ನುವ ಗೆರೆ ಕೂಡ ಒಂದೇ ಜಾಗದಲ್ಲಿ ನಿಂತಿಲ್ಲ. ಆಟಿಸಂ ಪದದ ಮೂಲ ಗ್ರೀಕಿನ ‘ಆಟೋಸ್’, ತಾನು ಅಂತ ಅರ್ಥ. ನಮ್ಮ ಪತ್ರಿಕೆಗಳ ‘ಸ್ವಲೀನತೆ’ಯೂ ಅದನ್ನೇ ಹೇಳುತ್ತದೆ, ತನ್ನಲ್ಲೇ ಮುಳುಗಿದವ ಅಂತ. ನನಗೆ ಈ ಪದ ಒಪ್ಪಿಗೆಯಾಗಲ್ಲ. ನಾನು ಮುಳುಗಿದ್ದರೆ ಅದು ನನ್ನಲ್ಲಲ್ಲ, ಹೊರಗಿನ ಯಾವುದೋ ಒಂದು ವಸ್ತುವಿನಲ್ಲಿ. 1925ರಲ್ಲೇ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಮಾಸ್ಕೋದಲ್ಲಿ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರು, ಜಗತ್ತು ಗಮನಿಸಲಿಲ್ಲ. 1943ರಲ್ಲಿ ಬಾಲ್ಟಿಮೋರ್‌ನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗ ಹೆಸರು ನಿಂತಿತು. ಆ ಅಳತೆಯಲ್ಲಿ ನಾನು ಲೆಕ್ಕಕ್ಕೇ ಬರಲ್ಲ. ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್‌ಗೆ ಸ್ವಂತ ಮಗಳಿಗೇ ಆಟಿಸಂ ಇತ್ತು. ಇದು ಇದೆ–ಇಲ್ಲ ಅನ್ನುವ ವಿಷಯವಲ್ಲ, ಉದ್ದಕ್ಕೂ ಹರಡಿಕೊಂಡದ್ದು ಅಂತ 1970–80ರ ದಶಕಗಳಲ್ಲಿ ತೋರಿಸಿದವರು ಅವರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬೇರೆಬೇರೆ ಹೆಸರುಗಳನ್ನೆಲ್ಲ ಸೇರಿಸಿ ‘ಆಟಿಸಂ ಸ್ಪೆಕ್ಟ್ರಮ್’ ಅಂತ ಒಂದೇ ಮಾಡಿತು.

ಆ ಕೈಪಿಡಿಯ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು, ಆದರೆ ಜನರ ಜೊತೆಗಿನ ವ್ಯವಹಾರದ ಹೊರೆ ತಾಳುವ ಶಕ್ತಿ ಮೀರುವವರೆಗೆ ಅವು ಪೂರ್ತಿ ಕಾಣದೇ ಇರಬಹುದು.

ನಮ್ಮೂರು ಸಿರುಗುಪ್ಪ ಕಡೆ. ಭತ್ತದ ಸೀಮೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಗೆ (ಎಲ್‌ಎಲ್‌ಸಿ) ನೀರು ಬಂದರೆ ಬದುಕು. ಏಳನೇ ವಯಸ್ಸಿನಿಂದ ನಾನು ದಿನಾ ಪತ್ರಿಕೆ ನೋಡಿ ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರೆದಿಡುತ್ತಿದ್ದೆ. ಪೂರ್ತಿ ಮಟ್ಟ 1,633 ಅಡಿ, ಗೇಟು 33. ಹುಣ್ಣಿಮೆ, ಹಬ್ಬ, ಜ್ವರ, ಯಾವುದಕ್ಕೂ ತಪ್ಪಿಸಿದ್ದಿಲ್ಲ. ಒಂದು ದಿನ ಪತ್ರಿಕೆ ಬರದಿದ್ದರೆ ನೆಲಕ್ಕೆ ಬಿದ್ದು ಅಳುತ್ತಿದ್ದೆ. ಬೇರೆ ಊರಲ್ಲಿ ಆಗಿದ್ದರೆ ‘ಈ ಹುಡುಗನಿಗೆ ಏನೋ ಆಗಿದೆ’ ಅನ್ನುತ್ತಿದ್ದರು. ನಮ್ಮೂರಲ್ಲಿ ರೈತರು ಸಂಜೆ ಕಟ್ಟೆ ಮೇಲೆ ಕೂತು ನನ್ನನ್ನೇ ಕರೆದು ಕೇಳುತ್ತಿದ್ದರು, ‘ಹೋದ ವರ್ಷ ಈ ಹೊತ್ತಿಗೆ ಎಷ್ಟಿತ್ತಪ್ಪಾ?’ ನನ್ನ ವಿಚಿತ್ರಕ್ಕೆ ಊರಲ್ಲಿ ಒಂದು ಕೆಲಸ ಇತ್ತು. ಹಾಗಾಗಿ ಅದು ವಿಚಿತ್ರ ಅಂತ ಅನ್ನಿಸಲೇ ಇಲ್ಲ.

ಪಾಠ ಮಾಡುವುದೂ ಕಷ್ಟವಾಗಲಿಲ್ಲ. ತರಗತಿಯಲ್ಲಿ ಮಾತಾಡುವವನು ನಾನೊಬ್ಬ, ವಿಷಯ ಮೊದಲೇ ಗೊತ್ತು. ಹೊರೆ ಮೀರಿದ್ದು ಪ್ರಭಾರಿ ಮುಖ್ಯ ಶಿಕ್ಷಕನಾದಾಗ. ದಿನಾ ಫೋನು, ಮೀಟಿಂಗು, ಯಾರ ಮಾತಿನ ಹಿಂದೆ ಏನಿದೆ ಅಂತ ಊಹಿಸುವ ಕೆಲಸ. ಸಂಜೆ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದೆ. ಹೆಂಡತಿ ಮಾತಾಡಿಸಿದರೆ ಬಾಯಿಂದ ಮಾತು ಬರುತ್ತಿರಲಿಲ್ಲ. ಕಲಿತ ನಿಯಮಗಳಿಂದ ಇಡೀ ದಿನ ‘ಎಲ್ಲರ ಹಾಗೆ’ ಕಾಣುವುದನ್ನು ಸಂಶೋಧಕರು ಮರೆಮಾಚುವಿಕೆ ಅನ್ನುತ್ತಾರೆ. ಅದಕ್ಕೂ 2018ರಲ್ಲಿ 25 ಪ್ರಶ್ನೆಗಳ ಅಳತೆ ಬಂದಿದೆ. ಎಲ್ಲರೂ ಅಷ್ಟಿಷ್ಟು ನಟಿಸುತ್ತಾರೆ, ಅಲ್ವಾ? ಹೌದು. ಕೇಳಬೇಕಾದ್ದು ಅದಕ್ಕೆ ಎಷ್ಟು ದಂಡ ತೆರುತ್ತೀರಿ ಅನ್ನುವುದು.

ಶಬ್ದದ ವಿಚಾರವೂ ಹಾಗೆ. ಸ್ಟಾಫ್ ರೂಮಿನ ಫ್ಯಾನು ಕಿರ್ರ್ ಅನ್ನುತ್ತದೆ. ಐದು ನಿಮಿಷಕ್ಕೆ ಬೇರೆ ಮೇಷ್ಟ್ರುಗಳಿಗೆ ಅದು ಕೇಳಿಸುವುದೇ ನಿಲ್ಲುತ್ತದೆ. ಮೆದುಳು ‘ಇದು ಹಳೇ ಸುದ್ದಿ’ ಅಂತ ಬದಿಗಿಡುತ್ತದೆ. ಆಟಿಸಂ ಇರುವ ಹಲವರಲ್ಲಿ ಈ ಬದಿಗಿಡುವ ಕೆಲಸ ನಿಧಾನ ಅಂತ ಅಧ್ಯಯನಗಳಲ್ಲಿ ಕಂಡಿದೆ. ನನಗೆ ಆ ಫ್ಯಾನು ಸಂಜೆ ನಾಲ್ಕಕ್ಕೂ ಹೊಸದೇ. ಜೀನ್ಸ್‌ಗೆ ಹೆಸರಾದ ಊರಲ್ಲಿದ್ದೂ ನಾನು ಒಂದೂ ಜೀನ್ಸ್ ಹಾಕಿಲ್ಲ, ಆ ಹೊಲಿಗೆ ಚರ್ಮಕ್ಕೆ ತಾಗಿದರೆ ತಡೆಯಲಾಗಲ್ಲ. ಇಂದ್ರಿಯಗಳ ಈ ವಿಷಯ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ ಮಾತ್ರ.

ಆಟಿಸಂ ಇಲ್ಲದವರಿಗೆ ‘ನ್ಯೂರೋಟಿಪಿಕಲ್’ ಅನ್ನುವ ಪದ ಹುಟ್ಟಿದ್ದು 1990ರ ದಶಕದಲ್ಲಿ, ಆಟಿಸಂ ಇರುವವರ ನಡುವೆ, ಅರ್ಧ ತಮಾಷೆಗೆ. ಅದುವರೆಗೆ ಹೆಸರು ಇಡಿಸಿಕೊಂಡವರು ನಾವು ಮಾತ್ರ, ಉಳಿದವರು ಬರೀ ‘ನಾರ್ಮಲ್’. (ನಾವು ಅಂತ ಬರೆದುಬಿಟ್ಟೆ. ಇನ್ನೂ ಗಟ್ಟಿಯಾಗಿಲ್ಲ, ಇರಲಿ.) 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಒಂದು ಮಾತು ಮುಂದಿಟ್ಟರು. ಅವರಿಗೂ ಆಟಿಸಂ ಇದೆ. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗಲ್ಲ ಅಂತಾರೆ, ಆದರೆ ಬೇರೆಯವರಿಗೆ ಇವರ ಮನಸ್ಸು ಅರ್ಥವಾಗುತ್ತದಾ? ತೊಡಕು ಎರಡೂ ಕಡೆಯದು. ಇದರ ಬಗ್ಗೆ ಪ್ರಯೋಗಗಳ ಫಲಿತಾಂಶ ಇನ್ನೂ ಒಂದೇ ಕಡೆ ವಾಲಿಲ್ಲ, ಆದರೆ ನಮ್ಮ ಮನೆಯಲ್ಲಿ ನಾನು ಇದನ್ನು ನೋಡಿದ್ದೇನೆ. ಅಕ್ಕನ ಮಗನಿಗೆ ‘ಬರ್ತೀನಿ’ ಅಂದರೆ ಅವನು ‘ಎಷ್ಟಕ್ಕ?’ ಅನ್ನುತ್ತಾನೆ. ಬೇರೆಯವರು ನಗುತ್ತಾರೆ. ನಾನು ‘ಶನಿವಾರ, ಐದಕ್ಕ’ ಅನ್ನುತ್ತೇನೆ. ಅವನು ಒಳಗೆ ಹೋಗಿ ಆಡಿಕೊಳ್ಳುತ್ತಾನೆ.

ಕೊನೆಗೆ ಹೋದ ವರ್ಷ ವೈದ್ಯರ ಹತ್ತಿರ ಹೋದೆ. ಈ ವಿಚಾರದಲ್ಲಿ ಬಳ್ಳಾರಿಗೊಂದು ಹೆಮ್ಮೆಯ ಕತೆ ಇದೆ, ನಮ್ಮವರಿಗೇ ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಸಿಗುವ ಹಾಗೆ ಮಾಡಿ ನೋಡಿತು. ಇದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಆಟಿಸಂ ಮನೋರೋಗವಲ್ಲ, ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಆದರೂ ದೊಡ್ಡವರು ಮೊದಲು ತಟ್ಟಬೇಕಾದ ಬಾಗಿಲು ಮನೋವೈದ್ಯರದ್ದೇ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಅಂಗವೈಕಲ್ಯ ಕನಿಷ್ಠ 40% ಇರಬೇಕು. ನನ್ನಂಥವರಿಗೆ ಬೇಕಿರುವುದು ಸರ್ಟಿಫಿಕೇಟಲ್ಲ, ಹಾಗಾಗಿ ಆ ಕಡೆ ಹೆಚ್ಚು ವಿಚಾರಿಸಿಲ್ಲ.

ವೈದ್ಯರು ನನ್ನ 34 ಅಂಕವನ್ನು ನೋಡಲೇ ಇಲ್ಲ. ಕಿವಿ ಪರೀಕ್ಷೆ ಮಾಡಿಸಿದ್ದೀರಾ, ನಿದ್ದೆ ಹೇಗೆ, ಜನರ ನಡುವೆ ಹೆದರಿಕೆ ಆಗುತ್ತದಾ ಇಲ್ಲಾ ಗೊಂದಲ ಆಗುತ್ತದಾ ಅಂತ ಕೇಳಿದರು. ಈ ಕೊನೆಯ ಪ್ರಶ್ನೆಗೆ ನಾನು ತುಂಬ ಹೊತ್ತು ಯೋಚಿಸಿದೆ. ಹೆದರಿಕೆ ಅಂದರೆ ಜನ ಏನಂದುಕೊಳ್ಳುತ್ತಾರೋ ಅನ್ನುವುದು. ಗೊಂದಲ ಅಂದರೆ ಅವರು ಏನು ಹೇಳುತ್ತಿದ್ದಾರೆ ಅನ್ನುವುದೇ ತಿಳಿಯದಿರುವುದು. ನನ್ನದು ಎರಡನೆಯದು. ಮುಂದಿನ ಸಲ ತಾಯಿಯನ್ನು ಕರೆದುಕೊಂಡು ಬನ್ನಿ ಅಂದರು. ಬಾಲ್ಯ ನೋಡಿದವರು ಬೇಕು.

ಅವ್ವ ಬಂದಳು. ‘ಸಣ್ಣವನಿದ್ದಾಗ ಹೆಂಗಿದ್ದ?’ ಅಂತ ಕೇಳಿದರು. ‘ಚಲೋ ಇದ್ದನ್ರಿ. ಒಬ್ಬನ ಆಡ್ತಿದ್ದ. ಒಂದ ತಾಟಿನಾಗ ಉಣ್ತಿದ್ದ, ಬ್ಯಾರೆ ತಾಟು ಇಟ್ರ ಉಪಾಸ ಬೀಳ್ತಿದ್ದ. ಗಿರಣಿ ಸಪ್ಪಳಕ್ಕ ಕಿವಿ ಮುಚ್ಕೊಂಡು ಓಡ್ತಿದ್ದ. ಅದೇನು ದೊಡ್ಡದ್ರಿ? ಅವರಪ್ಪನೂ ಹಂಗ ಅದಾನ.’ ವೈದ್ಯರು ನಗುತ್ತಾ ಬರೆದುಕೊಂಡರು. ಐದು ದೇಶಗಳ 20 ಲಕ್ಷ ಮಕ್ಕಳನ್ನು ನೋಡಿದ 2019ರ ಅಧ್ಯಯನದಲ್ಲಿ, ಆಟಿಸಂ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು 80% ಪಾಲು ವಂಶವಾಹಿಗಳದ್ದು ಅಂತ ಬಂದಿತ್ತು. ಇನ್ನೊಂದು ಸಲ ಬರಬೇಕು, ಆಮೇಲೆ ಹೇಳುತ್ತೇನೆ ಅಂದರು.

ಅವ್ವನನ್ನು ಊರಿಗೆ ಬಿಡಲು ಹೋದೆ. ಅಪ್ಪ ಕಟ್ಟೆ ಮೇಲೆ ಕೂತಿದ್ದ. ಡಾಕ್ಟರ್ ಏನಂದರು ಅಂತ ಕೇಳಲಿಲ್ಲ, ಊಟ ಆತೇನು ಅಂತಲೂ ಕೇಳಲಿಲ್ಲ. ‘ಒಳಹರಿವು ಎಷ್ಟು ಅದ?’ ಅಂದ. ಹೇಳಿದೆ. ‘ನಿನ್ನಿದು?’ ಅಂದ. ಅದನ್ನೂ ಹೇಳಿದೆ. ಅಂಗಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಎರಡನ್ನೂ ಬರೆದುಕೊಂಡ.